ಮಾಲವ್ವ ಕೈ ಚಾಚಿದ್ದು ಯಾಕೆ

ಕರ್ರ್... ಕರ್ರ್... ಒಂದು ಕ್ಷಣ ತಡೆದು, ಮತ್ತೆ ಕರ್ರ್. ದಾಂಡೇಲಿಯಲ್ಲಿ ನಾಯಿಗಳೂ ಬೊಗಳಿ ಸುಸ್ತಾಗಿ ಮಲಗಿರುವ ಅಪರಾತ್ರಿ ಅದು. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯೊಳಗೆ ಮಲಗಿರುವ ಸಲ್ಮಾ ಈ ಸದ್ದಿಗೆ ಏಳುತ್ತಾರೆ, ಕತ್ತಲಲ್ಲೇ ಸ್ಟೋವಿಗೆ ಕೈ ಹಾಕುತ್ತಾರೆ. ಗಡಿಯಾರ ನೋಡುವ ಗೊಡವೆ ಇಲ್ಲ. ಮರದ ಹಲಗೆಯ ಕೆಳಗೆ ಬಡಿದ ಬೇರಿಂಗ್ ಗಾಲಿಗಳು ಸಿಮೆಂಟಿನ ಮೇಲೆ ಉರುಳುವ ಸದ್ದು ಅದು. ಮಾಲವ್ವ ಕೆಲಸಕ್ಕೆ ಬಂದರೆಂದರೆ ರಾತ್ರಿ ಬಸ್ಸು ಬರುವ ಹೊತ್ತಾಯಿತೆಂದೇ ಲೆಕ್ಕ.

ಎರಡೂ ಅಂಗೈಗೆ ಹಳೆಯ ಹವಾಯಿ ಚಪ್ಪಲಿ ತೊಟ್ಟು, ನೆಲವನ್ನು ಹಿಂದಕ್ಕೆ ದಬ್ಬುತ್ತ ಮಾಲವ್ವ ಅಂಗಡಿಯ ಜಗಲಿಗೆ ಬಂದು ತಲುಪುತ್ತಾರೆ. ನಡೆಯಲು ಕಲಿತ ವರ್ಷವೇ ಪೋಲಿಯೊ ಬಂದು ಕಾಲು ಎರಡೂ ಸೊರಗಿದವು. ಜಗಲಿಯ ಕೆಳಗಿನ ತಗಡಿನ ಪೆಟ್ಟಿಗೆ ಎಳೆದು ಬೀಗ ತೆಗೆಯುತ್ತಾರೆ. ಚೈನಿನ ರನ್ನರುಗಳು, ಇಕ್ಕಳ, ದಬ್ಬಣ, ಮೇಣದಬತ್ತಿಯ ತುಂಡು, ಸತ್ತ ಕೊಡೆಗಳಿಂದ ಕಿತ್ತಿಟ್ಟ ಕಡ್ಡಿಗಳು. ಚೀಲಕ್ಕೆ ಚೈನು ಹಾಕುವುದು, ಹರಿದ ಪಟ್ಟಿ ಹೊಲಿಯುವುದು, ಮುರಿದ ಕೊಡೆ ನೆಟ್ಟಗೆ ಮಾಡುವುದು ಅವರ ಕಸುಬು. ನದಿಯಲ್ಲಿ ದೋಣಿಯಾಟ ಆಡಲು ಮೌಳಂಗಿ ಕಡೆಗೆ ಹೋಗುವವರ ಬೆನ್ನಚೀಲಗಳಿಂದ ಹಿಡಿದು ಜೊಯಿಡಾದ ಮಕ್ಕಳ ಪಾಟಿಚೀಲದವರೆಗೆ ಎಲ್ಲವೂ ಈ ಜಗಲಿಗೆ ಬರುತ್ತವೆ.

ಬಸ್ಸು ನಿಂತಿದೆ. ಇಳಿದವರಲ್ಲಿ ಒಬ್ಬ, ನಿದ್ದೆಗಣ್ಣಿನ ಗಡ್ಡದವನು, ಮಾಲವ್ವನ ಮುಂದೆ ಹಾಯುತ್ತ ಜೇಬು ತಡವಿ ಒಂದು ನಾಣ್ಯ ಒಗೆಯುತ್ತಾನೆ. ಅದು ಮೇಣದ ತುಂಡಿಗೆ ಬಡಿದು ಹೊರಳುತ್ತದೆ.

"ಏ ತಮ್ಮಾ, ನಿಂದರು!" ಮಾಲವ್ವ ಅವನ ಚೀಲದ ಪಟ್ಟಿ ಹಿಡಿದು ಜಗ್ಗುತ್ತಾರೆ. "ದುಡ್ಡು ಒಗದೀಯಲ್ಲ, ಚೀಲ ತಾ."

"ಇರಲಿ ಅಮ್ಮ, ಇಟ್ಕೊಳ್ಳಿ."

"ಯಾಕ ಇಟ್ಕೋಬೇಕು? ನಿನಗ ನಾ ಏನ ಮಾಡಿಕೊಟ್ಟೇನಿ?"

ಚೀಲ ತೊಡೆಯ ಮೇಲೆ ಬಂದಾಗಿದೆ. ಚೈನಿನ ಎರಡೂ ಅಂಚಿಗೆ ಮೇಣ ಉಜ್ಜಿ, ರನ್ನರನ್ನು ಮೇಲಕ್ಕೂ ಕೆಳಕ್ಕೂ ಎಳೆದು, ನೇತಾಡುತ್ತಿದ್ದ ಪಟ್ಟಿಗೆ ಹೊಲಿಗೆ ಹಾಕಿಯೇ ಅವರು ಚೀಲ ಬಿಡುವುದು. ಅವನು ಹತ್ತಬೇಕಿದ್ದ ಮುಂದಿನ ಬಸ್ಸು ಅಷ್ಟರಲ್ಲಿ ಹೊರಟೇ ಹೋಗಿದೆ.

"ಅವನ ಗಾಡಿ ಹೋತಲ್ಲ ಮಾಲಕ್ಕಾ," ಎನ್ನುತ್ತಾರೆ ಸಲ್ಮಾ, ಒಳಗಿನಿಂದ.

"ಹೋಗಲಿ. ಇನ್ನೊಂದು ಬರತೈತಿ."

"ಜೊಯಿಡಾದ್ದು. ಯಾವಾಗ ಬರ್ತದೋ ಅಲ್ಲಾಗೇ ಗೊತ್ತು."

"ಹಂಗಾರ ಅವಂಗ ಚಾ ಕುಡಸು. ಒಗಿಯೂ ಮುಂದ ಇಚಾರ ಮಾಡಬೇಕಿತ್ತು."

ಒಗೆದ ದುಡ್ಡಿಗೆ ಕೆಲಸ. ಮಾಲವ್ವನ ಕಾನೂನು ಇಷ್ಟೇ. ಈ ಕಾನೂನಿಗೆ ಸಿಕ್ಕಿ ಬಸ್ಸು ತಪ್ಪಿಸಿಕೊಂಡವರು, ಬೈದು ಹೋದವರು ಊರಿಗೊಬ್ಬರಾದರೂ ಇದ್ದಾರೆ. ಆದರೆ ಅವರಿಗಿಂತ ಹೆಚ್ಚು ರೋಸಿಹೋದವರು ಸ್ವತಃ ಮಾಲವ್ವ. "ಅಲ್ಲಿ ಚಪ್ಪಲಿ ಹೊಲಿಯಾಂವ ಕುಂತಾನಲ್ರೀ, ಅವನೂ ನೆಲದ ಮ್ಯಾಲೇ ಕುಂತಾನ. ಅವನ ಮುಂದ ಯಾರರ ಒಗೀತಾರೇನು? ಒಗದ್ರ ಚಪ್ಪಲಿ ತಗೊಂಡು ಹೊಡಿತಾನ," ಎನ್ನುತ್ತಾರೆ. "ನನ್ನ ಕೈಯಾಗಿನ ಇಕ್ಕಳ ಕಾಣೂದಿಲ್ಲ. ಕಾಲಷ್ಟೇ ಕಾಣತಾವ."

ಬೋರ್ಡು ಬರೆಸಿ ತೂಗುಹಾಕಿದ್ದೂ ಆಯಿತು. 'ಇಲ್ಲಿ ಚೈನು, ಕೊಡೆ ರಿಪೇರಿ.' ಬೋರ್ಡನ್ನು ಓದಿ, ಅಯ್ಯೋ ಪಾಪ ಎಂದು, ಅದರ ಕೆಳಗೇ ದುಡ್ಡಿಟ್ಟು ಹೋದವರಿದ್ದಾರೆ. ಅಮಾವಾಸ್ಯೆ ಬಂದರಂತೂ ಕೇಳುವುದೇ ಬೇಡ. ಮಕ್ಕಳಿಗೆ ದೃಷ್ಟಿ ತಾಗಿದೆಯೆಂದು ನಾಣ್ಯವನ್ನು ತಲೆಯ ಸುತ್ತ ನಿವಾಳಿಸಿ ತಂದು ಇವರ ಮುಂದೆ ಹಾಕುತ್ತಾರೆ. ತಿರುಗಿ ಕೊಡಲು ಹೋದರೆ ಹೌಹಾರುತ್ತಾರೆ. ನಿವಾಳಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡರೆ ದೃಷ್ಟಿಯೂ ಅದರ ಬೆನ್ನಿಗೇ ಬರುತ್ತದಂತೆ. "ಅಂದ್ರ ಮಂದಿ ಕೂಸಿನ ದೃಷ್ಟಿ ಎಲ್ಲಾ ನಾ ಪೆಟಿಗ್ಯಾಗ ಇಟ್ಕೊಂಡು ಕುಂದರಬೇಕು," ಎಂದು ಮಾಲವ್ವ ಇಕ್ಕಳದಿಂದ ಪೆಟ್ಟಿಗೆ ಕುಟ್ಟುತ್ತಾರೆ.

ಬಿದಿರು ಇಳಿಸುವ ಕೂಲಿಗೆಂದು ಅಪ್ಪ ಬೆಳಗಾವಿ ಕಡೆಯಿಂದ ಕಾಗದದ ಕಾರ್ಖಾನೆಯ ಈ ಊರಿಗೆ ಬಂದವರು. ಮಾಲವ್ವ ಹುಡುಗಿಯಾಗಿದ್ದಾಗ ಒಬ್ಬ ಮನುಷ್ಯ ಮನೆಗೆ ಬಂದಿದ್ದನಂತೆ. ಬಿಳಿ ಅಂಗಿ, ಮಾತು ಬೆಣ್ಣೆ. ಇಂಥ ಮಕ್ಕಳನ್ನು ಸಾಕುವ ಆಶ್ರಮವಿದೆ, ಕಳಿಸಿಕೊಡಿ ಎಂದ. ಅವ್ವ ಅವನ ಚೀಲದಲ್ಲಿ ಅಲ್ಯೂಮಿನಿಯಂ ತಾಟುಗಳನ್ನು ಕಂಡಳು, ಒಂದರೊಳಗೊಂದು ಕೂಡಿಸಿಟ್ಟವು, ಎಲ್ಲಕ್ಕೂ ಬೇಡಿ ಬೇಡಿ ಬಿದ್ದ ನೆಗ್ಗು. ಒಲೆಯೊಳಗಿನ ಕೊಳ್ಳಿ ಹಿರಿದು ಅವನನ್ನು ಬೀದಿಯ ತುದಿಯವರೆಗೆ ಅಟ್ಟಿದಳು. ಆಮೇಲೆ ಮಗಳ ಕೈಗೆ ಸೂಜಿ ಕೊಟ್ಟಳು. "ಕೈಗೆ ಕೆಲಸ ಇದ್ರ ಯಾರೂ ತಾಟ ಕೊಡೂದಿಲ್ಲ ಅಂದಿದ್ಳು ಅವ್ವ," ಎಂದು ಮಾಲವ್ವ ನೆನೆಯುತ್ತಾರೆ. "ಅದೊಂದು ಮಾತು ಆಕಿದು ಸುಳ್ಳಾತು."

ಅದನ್ನು ಸುಳ್ಳು ಮಾಡಿದ್ದು ಒಂದು ತಮಿಳು ಸಿನಿಮಾ.

ಎರಡು ಮಳೆಗಾಲದ ಹಿಂದೆ ಚಿತ್ರತಂಡವೊಂದು ದಾಂಡೇಲಿಗೆ ಬಂದಿತ್ತು. ಅಂಗವಿಕಲರನ್ನು ಹಿಡಿದು ತಂದು, ಹೊಡೆದು ಬಡಿದು ಭಿಕ್ಷೆಗೆ ಕೂಡಿಸಿ, ಸಂಜೆಗೆ ಅವರ ತಾಟು ಬರಿದು ಮಾಡುವ ದಂಧೆಯ ಕಥೆ. ನಟರ ಜೊತೆಗೆ ನಿಜವಾದ ಅಂಗವಿಕಲರೂ ಬೇಕೆಂದು ಅವರ ಏಜೆಂಟ ಊರೆಲ್ಲ ಹುಡುಕಾಡಿದ. ಬಸ್ಸಿನಲ್ಲಿ ಶೇಂಗಾ ಮಾರುವ ಕುರುಡ ಸಾತಪ್ಪ ಕುಣಿಯುತ್ತಲೇ ಹೋದರು. ಮಾಲವ್ವ ಏಜೆಂಟನಿಗೆ, "ನಿಮ್ಮ ಪಿಚ್ಚರ್‌ನ್ಯಾಗ ಚೈನು ಹಾಕಾಕಿ ಇದ್ದಾಳೇನು? ಇದ್ರ ಬರ್ತೇನಿ," ಎಂದರು. ಇರಲಿಲ್ಲ. ಅಲ್ಲಿಗೆ ಮಾತು ಮುಗಿಯಿತೆಂದು ಅವರು ತಿಳಿದರು.

ಆಗ ಇನ್ನೂ ಒಗೆದ ದುಡ್ಡಿಗೆ ಕೆಲಸದ ಕಾನೂನು ಇರಲಿಲ್ಲ. ಯಾರಾದರೂ ನಾಣ್ಯ ಹಾಕಿದರೆ ಅದನ್ನು ಹೆಕ್ಕಿ, ಕೈ ಚಾಚಿ, "ತಗೋರಿ, ನಿಮ್ಮ ದುಡ್ಡು ತಗೋರಿ" ಎಂದು ಹಿಂದಿನಿಂದ ಕೂಗುತ್ತಿದ್ದರು. ರಸ್ತೆಯಾಚೆ ನಿಂತ ವ್ಯಾನಿನೊಳಗೆ ಕ್ಯಾಮೆರಾ ಇದ್ದದ್ದು ಅವರಿಗೆ ಗೊತ್ತಾಗಲಿಲ್ಲ.

ಸಿನಿಮಾ ಕನ್ನಡದ ದನಿ ತೊಟ್ಟು ಬಂದಾಗ ಸಲ್ಮಾ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟರು. ಜಗಲಿ ತುಂಬ ಜನ. ಸಾತಪ್ಪ ಎಲ್ಲರಿಗಿಂತ ಮುಂದೆ, ಕಿವಿ ಮೊಬೈಲಿಗೆ ಹಚ್ಚಿ.

"ನಾ ಬಂದ್ನೇನು?"

"ಇನ್ನೂ ಇಲ್ಲೋ ಮಾರಾಯಾ."

"ಈಗ?"

"ಬಂದಿ. ಹೀರೋನ ಹಿಂದ. ಬಾಯಿ ತಕ್ಕೊಂಡು ಕುಂತೀ."

"ಆವತ್ತು ಊಟಕ್ಕ ಹೋಳಿಗಿ ಇತ್ತು, ಬಾಯಿ ಹೆಂಗ ಮುಚ್ಚಲಿ?"

ನಗೆ ಇನ್ನೂ ನಿಂತಿರಲಿಲ್ಲ, ತೆರೆಯ ಮೇಲೆ ದಾಂಡೇಲಿಯ ಬಸ್ ನಿಲ್ದಾಣ ಬಂತು. ಹಾಯುವ ಕಾಲುಗಳ ನಡುವೆ ಮಾಲವ್ವ, ಅಂಗೈ ಮೇಲೆ ಮಾಡಿ, ಕೈ ಚಾಚಿ, ಏನೋ ಗೋಗರೆಯುತ್ತಿದ್ದಾರೆ. ಮಾತು ಕೇಳುವುದಿಲ್ಲ. ಮೇಲೆ ಕೊಳಲಿನ ಸಂಗೀತ.

ಸಲ್ಮಾ ಮೂಗು ಒರೆಸಿಕೊಂಡರು. "ಯಾಕ ಸುಮ್ಮನಾದ್ರೆಲ್ಲಾ?" ಎಂದು ಸಾತಪ್ಪ ಕೇಳುತ್ತಲೇ ಇದ್ದರು.

"ಪಿಚ್ಚರ್ ಸುಳ್ಳಲ್ಲರೀ," ಎನ್ನುತ್ತಾರೆ ಮಾಲವ್ವ, ಈಗಲೂ. "ಆ ಬಿಳಿ ಅಂಗಿಯವನ್ನ ನಾನs ಕಂಡೇನಿ. ಅಂಥ ಮಂದಿ ಅದಾರ, ಅಂಥ ಕೂಸುಗಳೂ ಅದಾವ. ನೋಡಿ ನನಗೂ ಅಳು ಬಂತು. ಆದ್ರ ನನ್ನ ಪಾಲಿಂದಷ್ಟು ಸುಳ್ಳು. ಆ ಕೈ ಬೇಡೂ ಕೈ ಅಲ್ಲ. ತಿರುಗಿ ಕೊಡೂ ಕೈ."

ಅದನ್ನು ಯಾರಿಗೆ ಹೇಳುವುದು? ಬೇಡುವವರ ಸಂಕಟ ತೋರಿಸಿ ಜನರ ಕಣ್ಣು ತೆರೆಸಲು ಮಾಡಿದ ಸಿನಿಮಾ ಜನರ ಜೇಬು ತೆರೆಸಿತು. ನೋಡಿ ಬಂದವರು ಮಾಲವ್ವನ ಮುಂದೆ ನಿಂತು ಕಣ್ಣೊರೆಸಿಕೊಂಡು ನೋಟು ಹಾಕತೊಡಗಿದರು. "ಮೊದಲ ಸುಮ್ಮನ ಒಗೀತಿದ್ರು. ಈಗ ಅಳಕೋತ ಒಗೀತಾರ," ಎಂದು ಹೇಳುವಾಗ ಅವರ ದನಿಯಲ್ಲಿ ನಗೆಯೂ ಇಲ್ಲ, ಅಳುವೂ ಇಲ್ಲ, ಬರೀ ಬೇಸತ್ತ ಸುಸ್ತು. ಅಂದಿನಿಂದ ಅವರು ಕೈ ಚಾಚುವುದನ್ನೇ ಬಿಟ್ಟರು. ಚೀಲ ಕಸಿಯಲು ಶುರು ಮಾಡಿದರು.

ಇಷ್ಟಾದರೆ ಹೇಗೋ ನಡೆಯುತ್ತಿತ್ತು. ಆದರೆ ಈ ವರ್ಷ ತಮ್ಮನ ಮಗಳು ಪೂರ್ಣಿಮಾಗೆ ಮುಂಡಗೋಡ ತಾಲೂಕಿನ ಇಂದೂರದಿಂದ ಸಂಬಂಧ ಬಂತು. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ಮನೆ ನೋಡಲು ಹಿರಿಯರು ಬರುವ ಹಿಂದಿನ ದಿನ ಫೋನಿನಲ್ಲಿ ಒಂದು ಪ್ರಶ್ನೆ ಬಂತು. "ಹುಡುಗಿ ಸೋದರತ್ತಿ ಪಿಚ್ಚರ್‌ನ್ಯಾಗ ಬೇಡಾಕತ್ತಾರಂತಲ್ಲ, ಖರೇನು?"

ಪೂರ್ಣಿಮಾಳ ತಾಯಿ ಗುರುಸಿದ್ದವ್ವ ಫೋನಿಟ್ಟವರೇ ಮಾಲವ್ವನ ಹತ್ತಿರ ಬಂದರು. "ಅಕ್ಕಾ, ನಾಳಿ ಒಂದ ದಿನ ನೀವು ಬಸ್ ಸ್ಟ್ಯಾಂಡ್ ಚೌಕದಾಗ ಕುಂದರಬ್ಯಾಡ್ರಿ. ಮನ್ಯಾಗ ಒಳಗ ಇರ್ರಿ."

"ಒಳಗ ಅಂದ್ರ ಎಲ್ಲಿ? ಕಪಾಟಿನ್ಯಾಗ?"

"ಹಂಗಲ್ರೀ ಅಕ್ಕಾ..."

"ಈಗ ಕಪಾಟು. ಮದುವಿ ದಿನ ಅಟ್ಟ. ತೊಟ್ಟಿಲಿಗೆ ಕರದಾಗ ಎಲ್ಲಿ, ಬಾವ್ಯಾಗೇನು? ನಾ ಅಡಗಿದ್ನಿ ಅಂದ್ರ ಬೇಡಿದ್ದು ಖರೇ ಆತು." ಮಾಲವ್ವ ಹಲಗೆ ತಿರುಗಿಸಿಕೊಂಡರು. "ಮುಂಜಾನಿ ಕೆಲಸಕ್ಕ ಹೋಗ್ತೇನಿ. ಊಟದ ಹೊತ್ತಿಗೆ ಬಂದು ಮುಂದ ಕುಂದರ್ತೇನಿ. ಸಂಬಂಧ ನಿಂದರೂದಿದ್ರ ನನ್ನ ನೋಡಿ ನಿಂದರಲಿ."

ಮಾತು ಬಿರುಸಾಗಿ ಬಂತು. ಆದರೆ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಎತ್ತಿ ಆಡಿಸಿದ ಹುಡುಗಿ. ತನ್ನ ಹಟಕ್ಕೆ ಅವಳ ಮದುವೆ ಮುರಿದರೆ?

ಮರುದಿನ ಹಳಿಯಾಳದ ಬಸ್ಸಿನಿಂದ ಒಂದು ಗುಂಪು ಇಳಿಯಿತು. ಇಬ್ಬರು ಗಂಡಸರು, ಐವರು ಹೆಂಗಸರು. ಎಲ್ಲರೂ ಮುಂದೆ ನಡೆದರು. ಒಬ್ಬಾಕೆ ಮಾತ್ರ ಹಿಂದುಳಿದು ಮಾಲವ್ವನ ಮುಂದೆ ಬಾಗಿ ಒಂದು ನೋಟು ಇಟ್ಟರು. ಕಣ್ಣು ಆಗಲೇ ತುಂಬಿದ್ದವು.

"ಮೊನ್ನೆ ಆ ಪಿಚ್ಚರ್ ನೋಡಿದ್ನೆವ್ವಾ. ಕರಳು ಚುರ್ ಅಂತು. ತಗೋ."

"ಚೀಲ ಕೊಡ್ರಿ," ಎಂದರು ಮಾಲವ್ವ.

"ಬ್ಯಾಡವಾ, ನಮ್ಮವರು ಮುಂದ ಹೋದ್ರು."

"ಪಿನ್ನ ಚುಚ್ಚಿಕೊಂಡು ಅಡ್ಡಾಡತೀರಲ್ಲ, ಕೊಡ್ರಿ ಇಲ್ಲಿ."

ಚೀಲದ ಚೈನು ಕಿತ್ತು ಬಾಯಿಬಿಟ್ಟಿತ್ತು. ಪಿನ್ನು ತೆಗೆದಾಗ ಒಳಗೆ ಕಂಡದ್ದು ಸಿಪ್ಪೆ ಸುಲಿದ ತೆಂಗಿನಕಾಯಿ, ಹಸಿರು ಖಣ, ಒಂದು ದಂಡೆ ಹೂವು. ಹುಡುಗಿಯ ಉಡಿ ತುಂಬುವ ಸಾಮಾನು. ಮಾಲವ್ವನ ಇಕ್ಕಳ ನಿಂತಿತು. ಇಂದೂರದವರು.

ಹೇಳಿಬಿಡಬಹುದಿತ್ತು. ನೀವು ಭಿಕ್ಷೆ ಹಾಕಿದ್ದು ನಿಮ್ಮ ಬೀಗರಿಗೇ ನೋಡ್ರಿ ಎಂದು ಚೌಕದ ನಡುವೆ ಕೂಗಿ ಹೇಳುವಷ್ಟು ಸಿಟ್ಟು ನಾಲಿಗೆಯ ತುದಿಗೆ ಬಂದಿತ್ತು. ಅವರು ಆ ನಾಲಿಗೆ ಕಚ್ಚಿ ಹಿಡಿದು ಹಳೆಯ ರನ್ನರ್ ಕಿತ್ತರು, ಹೊಸದನ್ನು ಏರಿಸಿದರು, ತುದಿಗೆ ಹೊಲಿಗೆ ಹಾಕಿದರು, ಮೇಣ ಉಜ್ಜಿದರು. ಕೂಲಿ ಹಿಡಿದುಕೊಂಡು ಉಳಿದ ಚಿಲ್ಲರೆ ತೆಗೆದರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಕೈ ಚಾಚಿದರು.

ಆ ಹೆಂಗಸು ಚೈನನ್ನು ಒಮ್ಮೆ ಎಳೆದು ನೋಡಿದರು. ಮಾಲವ್ವನ ಮುಖ ನೋಡಿದರು, ಬೋರ್ಡು ನೋಡಿದರು. ಆಮೇಲೆ ಚಿಲ್ಲರೆ ತೆಗೆದುಕೊಂಡು ಎಣಿಸಿ ಸೆರಗಿಗೆ ಕಟ್ಟಿದರು. "ಚಲೋ ಹಾಕೀರಿ," ಎಂದರು. ಬರುವಾಗ 'ತಗೋ' ಎಂದವರು ಹೋಗುವಾಗ 'ಹಾಕೀರಿ' ಎಂದಿದ್ದರು.

ಮಧ್ಯಾಹ್ನ ಮಾಲವ್ವ ಮನೆಯೊಳಗೆ ಕರ್ರ್ ಎಂದು ಉರುಳಿ ಬಂದಾಗ ಗುರುಸಿದ್ದವ್ವ ಕೈಯಲ್ಲಿನ ತಟ್ಟೆ ಕೆಳಗಿಟ್ಟು ದಾರಿ ಬಿಟ್ಟರು. ಹುಡುಗನ ಅಜ್ಜಿ ಕನ್ನಡಕ ಸರಿಸಿ ಕೇಳಿಯೇಬಿಟ್ಟರು. "ಪಿಚ್ಚರ್‌ನವರು ಇವರs ಏನು?"

"ಹೂಂ, ನಾನs. ಕೈ ಚಾಚಿದ್ದು ದುಡ್ಡು ತಿರುಗಿ ಕೊಡಾಕ. ಅವರು ಹಂಗ ತೋರಿಸ್ಯಾರ. ನಾ ಚೈನು ಹಾಕತೇನಿ, ಕೊಡೆ ರಿಪೇರಿ ಮಾಡತೇನಿ. ಬೇಡೂದಿಲ್ಲ."

ಹೆಂಗಸರ ನಡುವಿನಿಂದ ಸರ್ರ್ ಎಂದು ಒಂದು ಚೀಲದ ಚೈನು ತೆರೆದುಕೊಂಡಿತು. ಎಲ್ಲೂ ಕಚ್ಚಲಿಲ್ಲ. ಖಣ, ತೆಂಗಿನಕಾಯಿ ಹೊರಬಂದವು. ಅಜ್ಜಿ ಇನ್ನಷ್ಟು ಹೊತ್ತು ಮಾಲವ್ವನನ್ನು ನೋಡಿ, ಬಾಗಿಲ ಸಂದಿಗೆ ಆನಿಸಿದ್ದ ತಮ್ಮ ಕೊಡೆಯತ್ತ ಬೊಟ್ಟು ಮಾಡಿದರು. "ಹಂಗಾರ ಅದರ ಕಡ್ಡಿ ನೋಡ್ರಿ. ಹ್ವಾದ ಮಳಿಗಾಲದಿಂದ ಕಣ್ಣಿಗೆ ಚುಚ್ಚಾಕತ್ತೈತಿ."

ಉಡಿ ತುಂಬಿದರು. ಬರುವ ವೈಶಾಖಕ್ಕೆ ಮದುವೆ.

ಸಲ್ಮಾ ಬಾಯಿ ಕಟ್ಟಿಕೊಳ್ಳುವವರಲ್ಲ. ಬಂದವರಲ್ಲಿ ಒಬ್ಬರು ನೋಟು ಹಾಕಿದ್ದನ್ನು ಪೂರ್ಣಿಮಾಗೆ ಹೇಳಿಬಿಟ್ಟಿದ್ದಾರೆ. ಆದರೆ ಚಹಾದ ಹಬೆಯಲ್ಲಿ ಅವರಿಗೆ ಕಂಡದ್ದು ಬೆನ್ನು ಮತ್ತು ಹಸಿರು ಸೀರೆ ಮಾತ್ರ. ಅಂದು ಬಂದ ಐವರಲ್ಲಿ ಮೂವರದು ಹಸಿರೇ. ಪೂರ್ಣಿಮಾ ಬೆನ್ನು ಬಿಡದೆ ಕೇಳುತ್ತಾಳೆ. "ಯಾರತ್ತೀ ಅದು? ನಮ್ಮತ್ತಿ ಆಗಾಕಿನs ಏನು? ಚಿಗವ್ವನಾ? ನನಗಷ್ಟs ಹೇಳು."

"ಗಿರಾಕಿ ಒಬ್ಬಾಕಿ," ಎನ್ನುತ್ತಾರೆ ಮಾಲವ್ವ, ದಾರ ಹಲ್ಲಿನಿಂದ ಕಡಿಯುತ್ತ.

ಯಾರೆಂದು ಯಾರಿಗೂ ಹೇಳುವುದಿಲ್ಲ. ತಮ್ಮನಿಗಿಲ್ಲ, ಸಲ್ಮಾಗಿಲ್ಲ, ಬರೆಯಲು ಬಂದವರಿಗಂತೂ ಇಲ್ಲ. ಅದು ಆ ಚಿಲ್ಲರೆ ಕೈಬದಲಾದ ಹೊತ್ತಿಗೇ ಆದ ತೀರ್ಮಾನ. "ಇಷ್ಟು ವರ್ಷದಾಗ ನನ್ನ ಕೈಯಿಂದ ತಿರುಗಿ ತಗೊಂಡಾಕಿ ಆಕಿ ಒಬ್ಬಾಕಿನs," ಎಂದು ಹೇಳಿ, ಅವರು ಮೇಣದ ತುಂಡಿಗಾಗಿ ಪೆಟ್ಟಿಗೆಯೊಳಗೆ ಕೈಯಾಡಿಸುತ್ತಾರೆ. "ಅಂಥಾಕಿ ಮರ್ಯಾದಿ ನಾ ಕಳೀತೇನೇನು?"