ಏರಿಯ ಮಣ್ಣು

ಮೊನ್ನೆ ನಮ್ಮ ಬೀದಿಯನ್ನು ಅಗಲ ಮಾಡುವವರು ಬಂದು, ಗೇಟಿನ ಮುಂದೆ ಸುಣ್ಣದ ಪುಡಿ ಚೆಲ್ಲುತ್ತಾ ಉದ್ದಕ್ಕೂ ಒಂದು ಬಿಳಿ ಗೆರೆ ಎಳೆದುಕೊಂಡು ಹೋದರು. ಸಂಜೆ ನಾಲ್ಕು ಹನಿ ಮಳೆ ಬಿತ್ತು. ಹಸಿ ಮಣ್ಣಿನ ಮೇಲೆ ನೆನೆದ ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಎಂಬತ್ತು ದಾಟಿದ ಮುದುಕಿಯಾದ ನಾನು ಮಂಡ್ಯದ ಪೇಟೆಬೀದಿಯ ಮನೆಯ ಪಡಸಾಲೆಯಲ್ಲಿ ಒಂಬತ್ತು ವರ್ಷದ ಹುಡುಗಿಯಾಗಿ ನಿಂತಿದ್ದೆ. ನಮ್ಮಪ್ಪನ ವಾಸನೆ ಅದು. ಅಪ್ಪ ಪುರಸಭೆಯಲ್ಲಿ ಓವರ್ಸೀರರಾಗಿದ್ದರು. ಬೆಳಿಗ್ಗೆ ಕಚ್ಚೆಪಂಚೆ, ಕರಿ ಕೋಟು, ತಲೆಗೆ ರುಮಾಲು ಸುತ್ತಿ ಹೊರಟವರು ಮಧ್ಯಾಹ್ನ ಊಟಕ್ಕೆ ಬರುವ ಹೊತ್ತಿಗೆ ಪಂಚೆಯ ಅಂಚೆಲ್ಲ ಸುಣ್ಣವಾಗಿರುತ್ತಿತ್ತು. ಹಗ್ಗ ಕಟ್ಟಿ, ಸುಣ್ಣ ಚೆಲ್ಲಿ, ಇಲ್ಲಿ ರಸ್ತೆ, ಇಲ್ಲಿ ಮೋರಿ ಎಂದು ಗೆರೆ ಎಳೆಯುವುದೇ ಅವರ ಕೆಲಸ. ಕೂಲಿಯವರ ಕೈಗೆ ಅದನ್ನು ಬಿಡುತ್ತಿರಲಿಲ್ಲ. ಹೋಳಿಗೆ ಕೊಯ್ಯುವಾಗಲೂ ಎರಡು ಪಾಲು ಸಮ ಬರಬೇಕಿತ್ತು ಅವರಿಗೆ. ಅಜ್ಜಿ, ಅಂದರೆ ಅವರ ತಾಯಿ, "ನೀನು ಹುಟ್ಟುವಾಗಲೂ ಅಳತೆ ಹಿಡಿದುಕೊಂಡೇ ಬಂದೆಯಪ್ಪ" ಎಂದು ಗೇಲಿ ಮಾಡುತ್ತಿದ್ದರು.

ಆ ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಅಮ್ಮ, ಅಜ್ಜಿ, ನಾನು. ಅಡಿಗೆಮನೆಯ ಗೋಡೆಯಲ್ಲಿ ಮಸಿ ಹಿಡಿದ ಗೂಡು, ನಡುಮನೆಯಲ್ಲಿ ಹಗಲಲ್ಲೂ ನಸುಗತ್ತಲೆ, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ಕನಕಾಂಬರದ ಪಾತಿ. ಕಬ್ಬಿನ ಕಾಲದಲ್ಲಿ ಸುತ್ತಲ ಹಳ್ಳಿಗಳ ಆಲೆಮನೆಗಳಿಂದ ಬೆಲ್ಲದ ಕಂಪು ಗಾಳಿಯಲ್ಲಿ ತೇಲಿಬಂದು ಒಣಹಾಕಿದ ಬಟ್ಟೆಗೂ ಅಂಟಿಕೊಳ್ಳುತ್ತಿತ್ತು. ನಾಲೆಯ ನೀರು ಬಂದ ಹೊಸದು. ಹುರುಳಿ ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಗದ್ದೆಗಳಾಗಿದ್ದವು, ಕಾರ್ಖಾನೆಯ ಕೂಗು ಕೇಳಿ ಜನ ಹೊತ್ತು ತಿಳಿಯುತ್ತಿದ್ದರು. ಊರಿಗೆ ಲಕ್ಷ್ಮಿ ಬಂದಳು ಎಂದು ಎಲ್ಲರೂ ಹೇಳುವವರೇ. ಅವಳ ಹಿಂದೆಯೇ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ಮನೆಮನೆಯಲ್ಲೂ ಕಂಬಳಿ ಹೊದ್ದು ನಡುಗುವವರು, ಕಹಿ ಗುಳಿಗೆ ನುಂಗಿ ಕಿವಿ ಮಂದವಾದವರು. ನನ್ನ ತಮ್ಮ ಹೋದದ್ದೂ ಅದರಲ್ಲೇ. ಅವನಿಗೆ ಆಗ ಮೂರು ತಿಂಗಳು. ಕಿವಿಯ ಹಿಂದೆ ಕಡಲೆಕಾಳಿನಷ್ಟು ಒಂದು ಮಚ್ಚೆಯಿತ್ತು. ನಾಮಕರಣ ಮಾಡಿ ಇಟ್ಟ ಹೆಸರನ್ನು ಅವನು ಹೋದ ಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಈಗ ಬರೆಯಲಾರೆ.

ಹಲ್ಲು ಬಾರದ ಮಗುವನ್ನು ಸುಡುವುದಿಲ್ಲ. ಅದಕ್ಕೆ ಚಟ್ಟವಿಲ್ಲ, ಮಂತ್ರವಿಲ್ಲ, ಮುಂದೆ ತಿಥಿಯೂ ಇಲ್ಲ. ಅಪ್ಪ ಅವನನ್ನು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ, ಮೇಲೆ ತಮ್ಮ ಉತ್ತರೀಯ ಮುಚ್ಚಿ, ಎದೆಗೆ ಅವಚಿಕೊಂಡು ಮನೆಯಿಂದ ಇಳಿದು ಹೋದರು. ಊರ ತೋಟಿ ಮಂಚಯ್ಯ ಹಾರೆ ಹಿಡಿದು ಮುಂದೆ ಹೋಗಿದ್ದ. ತಾಯಿಯಾದವಳು ಹೊಸಿಲು ದಾಟಬಾರದು. ಹೂಳಿದ ಜಾಗ ಯಾವುದೆಂದು ಅವಳಿಗೆ ಹೇಳಲೂಬಾರದು. ತಿಳಿದರೆ ಹೋಗಿ ಕೂತು ಅಳುತ್ತಾಳೆ, ಅತ್ತರೆ ಮುಂದಿನ ಮಗು ನಿಲ್ಲುವುದಿಲ್ಲ ಎಂದು ನಂಬಿಕೆ. ಮೂರು ಹಿಡಿ ಮಣ್ಣು ಹಾಕಿದ ತಂದೆ ತಿರುಗಿ ನೋಡದೆ ಬಂದುಬಿಡಬೇಕು. ಅಪ್ಪ ಹಾಗೇ ಬಂದರು. ಬಾವಿಕಟ್ಟೆಯಲ್ಲಿ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಂಡರು, ಸೇದುವ ಹಗ್ಗ ಹಿಡಿದೇ ಬಹಳ ಹೊತ್ತು ನಿಂತಿದ್ದರು. ಮಾರನೆಯ ದಿನ ರುಮಾಲು ಸುತ್ತಿ ಕೆಲಸಕ್ಕೆ ಹೋದರು. ಅಮ್ಮ ಎರಡು ವರ್ಷ ಆ ಜಾಗ ಯಾವುದೆಂದು ಕೇಳಲಿಲ್ಲ.

ಪೇಟೆಬೀದಿಯ ಕೊನೆಯಲ್ಲಿ, ಊರಿನ ನಟ್ಟನಡುವೆ, ಒಂದು ಹಳೆಯ ಕಟ್ಟೆಯಿತ್ತು. ಒಂದು ಕಾಲಕ್ಕೆ ದನಕ್ಕೆ ನೀರು ಕುಡಿಸುತ್ತಿದ್ದ ಜಾಗ. ನಾನು ಕಾಣುವ ಹೊತ್ತಿಗೆ ಊರ ಕೊಚ್ಚೆಯೆಲ್ಲ ಅಲ್ಲಿಗೇ ಹೋಗಿ ಹಸಿರು ಪಾಚಿ ಕಟ್ಟಿ, ಸಂಜೆಯಾದರೆ ಸೊಳ್ಳೆಗಳು ಹೊಗೆಯ ಹಾಗೆ ಏಳುತ್ತಿದ್ದವು. ಅದರ ಒಂದು ಮಗ್ಗುಲಿಗೆ ಎತ್ತರವಾದ ಮಣ್ಣಿನ ಏರಿ, ಏರಿಯ ಮೇಲೆ ಲಕ್ಕಿ ಪೊದೆ, ಕಳ್ಳಿ, ಏಳೆಂಟು ಹೊಂಗೆಮರ. ಆ ಕಟ್ಟೆಯನ್ನು ಮುಚ್ಚಿ ಪಾರ್ಕು ಮಾಡಬೇಕೆಂಬ ಹುಚ್ಚು ಅಪ್ಪನಿಗೆ ಹಿಡಿಯಿತು. ಅದು ಯಾಕೆ ಹಿಡಿಯಿತೆಂದು ಈಗ ನನಗೆ ಚೆನ್ನಾಗಿ ಗೊತ್ತು. ಮಗನನ್ನು ತಿಂದ ನೀರು ಅದು. ಅದನ್ನು ಹೂತುಹಾಕದೆ ಅವರಿಗೆ ನಿದ್ದೆ ಬರುವಂತಿರಲಿಲ್ಲ. ಪಡಸಾಲೆಯಲ್ಲಿ ನಕ್ಷೆಯ ಬಟ್ಟೆ ಹಾಸಿಕೊಂಡು, ಕಾಲು ಮಡಿಸಿ ಕೂತು, ನಡುವೆ ಬ್ಯಾಂಡು ಬಾರಿಸುವ ಮಂಟಪ, ಸುತ್ತ ಗುಲಾಬಿ ಪಾತಿ, ಕಾಬಾಳೆ, ಮದರಂಗಿ ಬೇಲಿ, ನಾಲ್ಕು ದಿಕ್ಕಿಗೂ ಕಾಲುದಾರಿ ಎಂದು ಬಣ್ಣದ ಶಾಯಿಯಲ್ಲಿ ಬರೆದರು. ಕಟ್ಟೆ ತುಂಬಲು ಮಣ್ಣು ದೂರದಿಂದ ಹೊರಿಸಬೇಕಾಗಿರಲಿಲ್ಲ. ಪಕ್ಕದ ಏರಿಯನ್ನೇ ಕಡಿದು ಒಳಗೆ ತಳ್ಳಿದರೆ ಎರಡೂ ಸಮತಟ್ಟಾಗುತ್ತವೆ. ಸಭೆಯಲ್ಲಿ ಪೇಟೆಯ ಹಿರಿಯರೆಲ್ಲ ನಕ್ಷೆ ನೋಡಿ ಭೇಷ್ ಎಂದರಂತೆ. ಅಂದು ರಾತ್ರಿ ಅಪ್ಪ ಎರಡನೆಯ ಸಲ ಅನ್ನ ಹಾಕಿಸಿಕೊಂಡರು, ತಮ್ಮ ಹೋದ ಮೇಲೆ ಮೊದಲ ಬಾರಿ.

ಆ ಸಭೆಯನ್ನು ನೆನೆದರೆ ನನಗೆ ಈಗಲೂ ಮೈಯುರಿಯುತ್ತದೆ. ಪೇಟೆಯ ಹಾಲುಗೂಸುಗಳನ್ನೆಲ್ಲ ಹೂಳುತ್ತಿದ್ದದ್ದು ಆ ಏರಿಯ ಮೇಲೆಯೇ. ಅಲ್ಲಿ ಕೂತಿದ್ದ ಗಂಡಸರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಎದೆಗೆ ಬಿಳಿ ಬಟ್ಟೆಯ ಗಂಟು ಅವಚಿಕೊಂಡು ಅಲ್ಲಿಗೆ ಹೋಗಿಬಂದವರೇ. ಒಬ್ಬರೂ ಬಾಯಿ ಬಿಡಲಿಲ್ಲ. ಅಮಂಗಳದ ಮಾತನ್ನು ಸಭೆಯಲ್ಲಿ ಎತ್ತುವುದು ಹೇಗೆ? ಹಾಗಾದರೆ ಅಪ್ಪ? ಅವರಿಗೆ ಮರೆತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಮರೆತಿರಲಿಲ್ಲ, ಆದರೆ ತಿರುಗಿ ನೋಡಬಾರದು ಎಂದದ್ದನ್ನು ಮನಸ್ಸಿನಲ್ಲೂ ಪಾಲಿಸಿದ್ದರು. ಕಟ್ಟೆ ಅವರಿಗೆ ಮಗನನ್ನು ಕೊಂದ ಜಾಗವಾಗಿ ಕಂಡಿತ್ತು. ಏರಿ ಬರೀ ಮಣ್ಣಾಗಿ ಕಂಡಿತ್ತು.

ಕೆಲಸ ಶುರುವಾಗಿ ಹತ್ತು ಹನ್ನೆರಡು ದಿನವಾಗಿತ್ತು. ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದರು, ಅಮ್ಮ ಸಾರು ಬಡಿಸುತ್ತಿದ್ದಳು. ಮಣ್ಣು ಎಲ್ಲಿಂದ ತರಿಸುತ್ತೀಯ ಎಂದು ಅಜ್ಜಿ ಸುಮ್ಮನೆ ಕೇಳಿದರು. ಅಪ್ಪ ಹುರುಪಿನಿಂದಲೇ ಹೇಳಿದರು. ಅಜ್ಜಿಯ ಬಾಯಿಯಿಂದ ಮಾತು ಜಾರಿಹೋಯಿತು: "ಏರಿ ಮಣ್ಣೇ? ಅಯ್ಯೋ, ಮಗೂನ ಮಲಗಿಸಿದ್ದು ಅಲ್ಲೇ ಅಲ್ವೇನೋ!" ಅಪ್ಪನ ಕೈ ಕಲಸಿದ ಅನ್ನದ ಮೇಲೆ ನಿಂತುಹೋಯಿತು. ನಾನು ಎದುರಿಗೇ ಕೂತಿದ್ದೆ. ಅಮ್ಮ ಸಾರಿನ ಪಾತ್ರೆಯನ್ನು ನೆಲದ ಮೇಲಿಟ್ಟಳು.

"ಎಲ್ಲಿ ಅಂತ ಹೇಳಿ," ಎಂದಳು. "ಅಷ್ಟು ಜಾಗ ಮಾತ್ರ ಬಿಡಿಸಿ. ಮಿಕ್ಕಿದ್ದು ಏನಾದರೂ ಮಾಡಿಕೊಳ್ಳಿ."

"ನನಗೆ ಗೊತ್ತಿಲ್ಲ ಕಣೇ."

"ನೀವೇ ಅಲ್ವೇ ಮಲಗಿಸಿ ಬಂದದ್ದು?"

"ನಾನೇ. ಕಣ್ಣಿಗೆ ಏನೂ ಕಾಣಿಸ್ತಿರಲಿಲ್ಲ. ತಿರುಗಿ ನೋಡಬಾರದು ಅಂದರು, ನೋಡಲಿಲ್ಲ." ಊರಿನ ಪ್ರತಿ ಮೋರಿಯ ಉದ್ದಗಲ ಬಾಯಲ್ಲೇ ಹೇಳುತ್ತಿದ್ದ ಮನುಷ್ಯ ಎಲೆಯ ಮೇಲೆ ಬಗ್ಗಿ ಹೋ ಎಂದು ಅತ್ತುಬಿಟ್ಟರು. ಗಂಡಸರು ಹಾಗೆ ಅಳುತ್ತಾರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ನನಗೆ ಹೆದರಿಕೆಯಾಗಿ ಅಜ್ಜಿಯ ಸೆರಗು ಹಿಡಿದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಅಮ್ಮ ನನ್ನ ಕೈ ಹಿಡಿದು ಹೊರಟಳು. ದೇವಸ್ಥಾನಕ್ಕಲ್ಲದೆ ಬೀದಿಗೆ ಇಳಿಯದವಳು, ಸೆರಗು ಹೊದ್ದು, ತಲೆ ತಗ್ಗಿಸಿ, ಪೇಟೆಯ ಗಂಡಸರು ಅಂಗಡಿಗಳಿಂದ ಕತ್ತು ಚಾಚಿ ನೋಡುತ್ತಿದ್ದಂತೆಯೇ ಕಟ್ಟೆಯವರೆಗೆ ನಡೆದಳು. ಅಲ್ಲಿ ನೋಡಿದರೆ ಏರಿಯೇ ಇರಲಿಲ್ಲ. ಹೊಂಗೆಮರಗಳನ್ನು ಉರುಳಿಸಿದ್ದರು, ಬೇರುಗಳು ಮೇಲಾಗಿ ಬಿದ್ದಿದ್ದವು. ಹೆಂಗಸರು ಸಾಲಾಗಿ ಮಂಕರಿಯಲ್ಲಿ ಕೆಂಪು ಮಣ್ಣು ಹೊತ್ತು ತಂದು ಕಟ್ಟೆಗೆ ಸುರಿಯುತ್ತಿದ್ದರು. ಕೊನೆಯಲ್ಲಿ ಒಂದು ತುಂಡು ಏರಿ, ಅದರ ಮೇಲೆ ಒಂದು ಹೊಂಗೆಮರ, ಅಷ್ಟೇ ಉಳಿದಿತ್ತು. ಮಂಚಯ್ಯ ಅದರ ಕೆಳಗೆ ಹಾರೆ ಹಿಡಿದು ನಿಂತಿದ್ದ. ಅಮ್ಮನನ್ನು ಕಂಡವನೇ ಹಿಂದೆ ಹಿಂದೆ ಸರಿದು ಇಪ್ಪತ್ತು ಮಾರು ದೂರ ನಿಂತುಕೊಂಡ. ಆಗಿನ ಕಟ್ಟುಪಾಡು ಅದು. ಅವನು ತೋಡಿದ ಗುಂಡಿಯಲ್ಲಿ ನಮ್ಮ ಮಗುವನ್ನು ಮಲಗಿಸಬಹುದಿತ್ತು, ಅವನು ಮಾತ್ರ ನಮ್ಮ ಹತ್ತಿರ ಬರುವಂತಿರಲಿಲ್ಲ. ಹಾಗಾಗಿ ತನ್ನ ಗಂಡನ ಹತ್ತಿರವೂ ಪಿಸುಮಾತಿನಲ್ಲಿ ಕೇಳಬೇಕಾದ್ದನ್ನು ಅಮ್ಮ ಅಷ್ಟು ಜನರ ನಡುವೆ ಕೂಗಿ ಕೇಳಬೇಕಾಯಿತು: "ಮಂಚಯ್ಯಾ, ನನ್ನ ಮಗು ಎಲ್ಲಿ?"

ಮಂಕರಿ ಹೊತ್ತ ಹೆಂಗಸರು ನಿಂತಲ್ಲೇ ನಿಂತರು. ಮಂಚಯ್ಯ ಕಡಿದುಹಾಕಿದ ಏರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ಕೈ ಎತ್ತಿ ಉಳಿದಿದ್ದ ಮರವನ್ನು ತೋರಿಸಿದ. "ಅಗಳವ್ವಾ, ಆ ವೊಂಗೆ ಮರದ ಬುಡದಲ್ಲೇ ಮಡಗಿರಾದು. ನಾನೇ ಮುಳ್ಳು ಮುಚ್ಚಿ ಕಲ್ಲು ಜೋಡ್ಸಿದ್ದೆ, ನರಿ ಗಿರಿ ಒಂದೂ ಮುಟ್ಟಿಲ್ಲ. ಅಳಬ್ಯಾಡಿ ಬುಡಿ, ತಾಯೀ." ಅಮ್ಮ ಅಳಲಿಲ್ಲ. ಆ ಮರದ ಬುಡಕ್ಕೆ ಹೋಗಿ ಮಣ್ಣಿನ ಮೇಲೆ ಅಂಗೈ ಊರಿದಳು. ಜ್ವರ ಬಂದಾಗ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳಲ್ಲ, ಹಾಗೆ.

ಅಪ್ಪ ನಕ್ಷೆಯನ್ನು ಬದಲಿಸಿದರು. ನೆಟ್ಟಗೆ ಹೋಗಬೇಕಾಗಿದ್ದ ಕಾಲುದಾರಿ ಆ ದಿಬ್ಬದ ಹತ್ತಿರ ಬಂದು ಸುತ್ತು ಹಾಕಿತು. ಮೇಲಿನ ಇಂಜಿನಿಯರು ಬಂದು, ಒಳ್ಳೆ ಬಯಲಿನಲ್ಲಿ ಇದೇನು ಗುಡ್ಡೆ ಬಿಟ್ಟಿದ್ದೀರಿ ಎಂದು ಎಲ್ಲರೆದುರು ರೇಗಿದಾಗ, ಕೆಳಗೆ ಬಂಡೆಯಿದೆ, ಒಡೆಯಲಾಗಲಿಲ್ಲ ಎಂದು ಹೇಳಿದರಂತೆ. ನಾನು ಬಲ್ಲಂತೆ ಅವರು ಕೆಲಸದಲ್ಲಿ ಹೇಳಿದ ಸುಳ್ಳು ಅದೊಂದೇ. ಪಾರ್ಕು ತೆರೆದ ದಿನ ಬ್ಯಾಂಡು ಬಾರಿಸಿದರು, ಮಾವಿನೆಲೆ ಕಟ್ಟಿದರು, ದೊಡ್ಡವರು ಭಾಷಣ ಮಾಡಿದರು. ಸೊಳ್ಳೆ ನಿಜವಾಗಿಯೂ ಕಡಿಮೆಯಾಯಿತು, ಅದನ್ನು ಒಪ್ಪಬೇಕು. ಅಪ್ಪ ಪ್ರತಿ ಬೆಳಿಗ್ಗೆ ಪಾರ್ಕಿನ ಬೇಲಿಯ ಪಕ್ಕದಲ್ಲೇ ಕೆಲಸಕ್ಕೆ ಹೋಗುತ್ತಿದ್ದರು, ಒಳಗೆ ಕಾಲಿಟ್ಟದ್ದನ್ನು ನಾನು ಕಾಣೆ.

ಅಮ್ಮ ಮಾತ್ರ ಪ್ರತಿ ಸಂಜೆ ಹೋಗುತ್ತಿದ್ದಳು. ತೊಟ್ಟಿಲಿನ ಪಕ್ಕ ಕೂತ ಹಾಗೆ ದಿಬ್ಬದ ಪಕ್ಕ ಕೂತು ಬತ್ತಿ ಹೊಸೆಯುತ್ತಿದ್ದಳು. ಸ್ವಲ್ಪ ದಿನಕ್ಕೆ ಎದುರುಮನೆಯ ನಿಂಗಮ್ಮ ಬರತೊಡಗಿದರು. ಆಮೇಲೆ ಪೇಟೆಯ ಇನ್ನೂ ನಾಲ್ಕಾರು ಹೆಂಗಸರು. ಒಬ್ಬರು ಹೂ ಕಟ್ಟುವರು, ಒಬ್ಬರು ಸೊಪ್ಪು ಬಿಡಿಸುವರು. ಮಳೆಯ ಮಾತು, ನೆಲ್ಲಿನ ಮಾತು, ಮಗಳ ಹೆರಿಗೆಯ ಮಾತು, ಎಲ್ಲ ಆಡುವರು. ಅದೊಂದು ಮಾತು ಬಿಟ್ಟು. ಒಂದು ದಿನ ನಿಂಗಮ್ಮ ನನ್ನನ್ನು ತಮ್ಮ ಜಗಲಿಗೆ ಕರೆದು, ಕೈಗೆ ಒಂದು ಉಂಡೆ ಬೆಲ್ಲ ಕೊಟ್ಟು, "ನಿಮ್ಮವ್ವುಂಗೆ ಏಳ್ಬ್ಯಾಡ ಕಣವ್ವ, ಆ ಮರದ ತಾವ ಇರಾದು ನನ್ ಕೂಸು. ಮಂಚಯ್ಯನೇ ತೋರ್ಸ್ದ. ನಿಮ್ಮಪ್ಪಾರು ಮರ ಉಳಿಸಿದ್ರಲ್ಲ, ಅವರ ಒಟ್ಟೆ ತಣ್ಣಗಿರ್ಲಿ" ಎಂದರು. ಬೆಲ್ಲವನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ. ಮಂಚಯ್ಯ ಕೇಳಿದವರಿಗೆಲ್ಲ ಆ ಒಂದೇ ಮರ ತೋರಿಸಿದ್ದ. ಇನ್ನೇನು ಮಾಡಿಯಾನು? ತೋರಿಸಲು ಅವನಿಗೆ ಉಳಿದದ್ದೇ ಅಷ್ಟು. ನಾನು ಆ ವಿಷಯವನ್ನು ಅಮ್ಮನಿಗೆ ಹೇಳಲಿಲ್ಲ. ಒಂಬತ್ತು ವರ್ಷದವಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೋ ಕಾಣೆ.

ಆಮೇಲೆ ಅಪ್ಪನಿಗೆ ಮಳವಳ್ಳಿಗೆ ವರ್ಗವಾಯಿತು, ಅಜ್ಜಿ ಅಲ್ಲಿಯೇ ತೀರಿಕೊಂಡರು. ಮಂಡ್ಯದ ಆ ಮನೆಯೂ ಈಗಿಲ್ಲ. ಮಳವಳ್ಳಿಗೆ ಹೋದ ಮೇಲೂ ಅಮ್ಮ ತಿಂಗಳಿಗೊಮ್ಮೆ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿಬರುವುದನ್ನು ಬಿಡಲಿಲ್ಲ. ಬಸ್ಸಿನ ಹೊತ್ತಿಗೆ ಅಪ್ಪ ತಾವೇ ಅವಳ ಜೊತೆ ನಿಲ್ದಾಣದವರೆಗೆ ಹೋಗಿ ಕೂರಿಸಿ ಬರುತ್ತಿದ್ದರು. ಅಪ್ಪ ತೀರಿಕೊಂಡ ವರ್ಷ, ಅವರ ಕರ್ಮಗಳೆಲ್ಲ ಮುಗಿದ ಮೇಲೆ, ಈ ಸಲ ಮಂಡ್ಯಕ್ಕೆ ನಾನೂ ಬರಲೇ ಎಂದು ಕೇಳಿದೆ. ಇನ್ನು ಹೋಗುವುದಿಲ್ಲ ಎಂದಳು ಅಮ್ಮ. "ಅಲ್ಲಿ ಏನೂ ಇಲ್ಲ ಕಣೇ. ಮಂಚಯ್ಯ ಕೈ ತೋರಿಸಿದಾಗಲೇ ನನಗೆ ಗೊತ್ತಾಯ್ತು. ಮೊದಲು ಏರಿಯೆಲ್ಲ ಕಣ್ಣಾಡಿಸಿ, ಉಳಿದ ಜಾಗ ನೋಡಿಕೊಂಡು ತೋರಿಸಿದ, ಪಾಪ."

"ಮತ್ತೆ ಇಷ್ಟು ವರ್ಷ ಯಾಕೆ ಹೋಗ್ತಿದ್ದೆ?"

"ನಾನು ಹೋಗೋದು ನಿಲ್ಲಿಸಿದ್ದರೆ ನಿಮ್ಮಪ್ಪನಿಗೆ ಗೊತ್ತಾಗಿಬಿಡ್ತಿತ್ತು."

ಅಪ್ಪನ ಬೂದಿಯನ್ನೂ, ಆಮೇಲೆ ಅಮ್ಮನ ಬೂದಿಯನ್ನೂ ಕಾವೇರಿಗೆ ಬಿಟ್ಟೆವು. ಅವರನ್ನು ನೆನೆದರೆ ಯಾವ ಕಡೆ ತಿರುಗಿ ಕೈಮುಗಿಯಬೇಕೆಂದು ನನಗೆ ಗೊತ್ತು. ತಮ್ಮನ ವಿಷಯಕ್ಕೆ ಅದೂ ಇಲ್ಲ. ಮಂಡ್ಯಕ್ಕೆ ಹೋದಾಗ ಪಾರ್ಕಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇನೆ. ಹೋದ ಸಲ ಕಾವಲಿನವನು ನೋಡಿ ನಕ್ಕ. "ಯಾಕಜ್ಜಿ, ಇದೇನ್ ದೇವಸ್ಥಾನ್ವಾ? ಮುಳ್ಳು ಚುಚ್ತದೆ, ಮೆಟ್ಕಳಿ" ಎಂದ. ಅವನಿಗೆ ಏನು ಹೇಳಲಿ? ಅಷ್ಟು ದೊಡ್ಡ ಪಾರ್ಕಿನಲ್ಲಿ ಎಲ್ಲಿ ಕಾಲಿಡಬಾರದೆಂದು ನನಗೆ ಗೊತ್ತಿಲ್ಲ.