ಹಿಂದಿನ ಮೇಜಿನ ದೊಡ್ಡಮ್ಮ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟದ್ದರಿಂದ ನನ್ನಲ್ಲಿರುವ ಪದಗಳೂ ಕಡಿಮೆ. ವಾಚನಾಲಯದ ಕೈಬರಹದ ಪತ್ರಿಕೆಗೆ "ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರೆಯಿರಿ" ಎಂದು ಕೇಳಿದ್ದಾರೆ. ನಮ್ಮ ಅಮ್ಮನ ಅಕ್ಕನ ಬಗ್ಗೆ, ಅವಳನ್ನು ಕೇಳಿಯೇ, ಮೂರು ಸಲ ತಿದ್ದಿ ಬರೆದಿದ್ದೇನೆ. ಇದನ್ನೆಲ್ಲ ಅವಳು ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಾ ಹೇಳಿದ್ದು.

ದೊಡ್ಡಮ್ಮ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸುವ ಕೆಲಸ ಮಾಡಿದಳು. ಎದುರಿಗೆ ಗೂಡುಗೂಡಾದ ಮರದ ಕಪಾಟು, ಎಡಗೈಯಲ್ಲಿ ಕಾಗದಗಳ ಕಟ್ಟು. ಬಲಗೈ ಒಂದೊಂದನ್ನೇ ಅದರದರ ಗೂಡಿಗೆ ತಳ್ಳುತ್ತಾ ಹೋಗಬೇಕು. ಮಾತಾಡಿದರೆ ಕೈ ತಪ್ಪುತ್ತದೆಂದು ಅಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಊರಿನ ಬೀದಿಬೀದಿಯ ಮನೆ ನಂಬರು ಅವಳಿಗೆ ಬಾಯಿಪಾಠವಾಯಿತು. ಒಳಗೆ ಹೋಗಿ ಕೂತು ಬಂದ ಮನೆಗಳನ್ನು ಎಣಿಸಲು ಮಾತ್ರ ಒಂದು ಕೈಯ ಬೆರಳು ಸಾಕಾಗಿತ್ತು. ಮದುವೆ ಯಾಕೆ ಆಗಲಿಲ್ಲ ಎಂದರೆ, "ಯಾರೂ ಸರಿಯಾಗಿ ವಿಳಾಸ ಬರೆದು ಕಳಿಸ್ಲಿಲ್ಲ ಕಣೇ" ಎಂದು ನಗುತ್ತಾಳೆ.

ನಿವೃತ್ತಿಯಾದ ಮೊದಲ ವಾರವೇ ಅವಳ ಒಂಟಿ ಕೋಣೆ ಅವಳನ್ನು ಹೊರಗೆ ದಬ್ಬಿತು. ಎದ್ದು ತಮ್ಮನ, ಅಂದರೆ ನಮ್ಮ ಮಾಮನ, ಅಂಗಡಿಗೆ ಹೋಗಿ ಕೂತಳು. ಆ ಅಂಗಡಿಯ ಮುಂಭಾಗದಲ್ಲಿ ಪೆನ್ನು, ನೋಟ್‌ಬುಕ್, ಜೆರಾಕ್ಸ್ ಯಂತ್ರ. ಹಿಂದಿನ ಉದ್ದ ಕೋಣೆಯಲ್ಲಿ ನಾಲ್ಕು ಮೇಜು ಹಾಕಿ ಕಾರ್ಡ್ ಆಟ. ಇದು ಇಸ್ಪೀಟಲ್ಲ. ಪ್ರಾಣಿ, ರಾಕ್ಷಸ, ಮಾಟಗಾರರ ಚಿತ್ರವಿರುವ ಕಾರ್ಡುಗಳನ್ನು ಪ್ಯಾಕೆಟ್ ಕೊಂಡು ಕೂಡಿಸಬೇಕು. ಅವುಗಳಿಂದ ನಲವತ್ತರ ಒಂದು ಕಟ್ಟು ಮಾಡಿಕೊಂಡು ಎದುರುಬದುರು ಕೂತು ಆಡಬೇಕು. ಆಡುವವರು ಡೆಕ್ ಅನ್ನುತ್ತಾರೆ, ದೊಡ್ಡಮ್ಮನ ಬಾಯಲ್ಲಿ ಅದು ಕಟ್ಟೇ.

ಪ್ಯಾಕೆಟ್ ಒಡೆದವರು ಅಪರೂಪದ ಕಾರ್ಡ್ ಸಿಕ್ಕರೆ ಅದನ್ನಿಟ್ಟುಕೊಂಡು, ಉಳಿದದ್ದನ್ನು ಬಾಗಿಲ ಬಳಿಯ ರಟ್ಟಿನ ಪೆಟ್ಟಿಗೆಗೆ ಸುರಿದು ಹೋಗುತ್ತಿದ್ದರು. ದೊಡ್ಡಮ್ಮನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಏನೋ ಇದು, ಇಷ್ಟೊಂದು ಬಟವಾಡೆ ಆಗ್ದೆ ಬಿದ್ದಿದೆ?"

"ಅದು ಕಸ ಅಕ್ಕಾ. ಬೇಕಾದ್ರೆ ನೀನೇ ವಿಂಗಡಿಸ್ಕೊ, ಕೈಗೆ ಕೆಲಸ ಆಗುತ್ತೆ" ಎಂದ ಮಾಮ.

ಅವನು ತಮಾಷೆಗೆ ಹೇಳಿದ, ಇವಳು ನಿಜಕ್ಕೇ ಕೂತಳು. ನಿಯಮದ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಕೊನೆಯ ಮೇಜಿನ ಮೇಲೆ ಖಾಲಿ ಚಪ್ಪಲಿ ಡಬ್ಬಗಳನ್ನು ಗೂಡಿನ ಹಾಗೆ ಜೋಡಿಸಿದಳು. ಹೊಸದಾಗಿ ಆಟಕ್ಕೆ ಬರುವವರಿಗೆಂದು ಆ ಕಸದಿಂದಲೇ ಕಟ್ಟು ಮಾಡತೊಡಗಿದಳು. ಒಂದು ಕಟ್ಟಿನ ಬೆಲೆ ಎರಡು ಲೋಟ ಚಹಾದಷ್ಟು. ನಾಲ್ಕು ಅಂಚನ್ನೂ ಮೇಜಿಗೆ ತಟ್ಟಿ ಸಮ ಮಾಡಿ, ದಾರ ಸುತ್ತಿ ಅಂಚೆ ಕಚೇರಿಯ ಗಂಟು ಹಾಕಿ, ಮೇಲೆ ಒಂದು ಚೀಟಿ ಸಿಕ್ಕಿಸುತ್ತಿದ್ದಳು: "ತೊಂದರೆಯಾದರೆ ಬನ್ನಿ. ಗುರುವಾರ, ಭಾನುವಾರ. ಹಿಂದಿನ ಮೇಜು."

ಆಟದಲ್ಲಿ ಒಂದು ಮುಖ್ಯ ಸಂಗತಿ ಇದೆ. ಪ್ರಾಣಿಯನ್ನು ಮೇಜಿಗಿಳಿಸಬೇಕಾದರೆ ಶಕ್ತಿ ಕಾರ್ಡು ಬೇಕು. ಪ್ರಾಣಿ ದೊಡ್ಡದಾದಷ್ಟೂ ಹೆಚ್ಚು ಶಕ್ತಿ ಬೇಕು. ನಲವತ್ತರಲ್ಲಿ ಹದಿನೇಳಾದರೂ ಶಕ್ತಿ ಕಾರ್ಡು ಇರದಿದ್ದರೆ ಕೈತುಂಬ ಹುಲಿ ಸಿಂಹ ಹಿಡಿದುಕೊಂಡು ಸುಮ್ಮನೆ ಕೂರಬೇಕಾಗುತ್ತದೆ.

ಒಂದು ಸಲ ದೊಡ್ಡಮ್ಮನ ಎಣಿಕೆ ತಪ್ಪಿತು. ಹದಿನೇಳರ ಜಾಗದಲ್ಲಿ ಹದಿಮೂರೇ ಹೋಯಿತು. ಆ ಕಟ್ಟು ಕೊಂಡಿದ್ದ ಕನ್ನಡಕದ ಅಂಗಡಿಯ ಹೆಂಗಸು ಗುರುವಾರ ಬಂದು ಎದುರಿಗೆ ನಿಂತಳು.

"ದೊಡ್ಡಮ್ಮ, ನಿಮ್ಮ ಹುಲಿ, ಆನೆ ಎಲ್ಲಾ ನನ್ನ ಕೈಯಲ್ಲೇ ಕೂತಿರ್ತವೆ. ಒಂದೂ ಕೆಲಸಕ್ಕೆ ಇಳಿಯಲ್ಲ, ನಮ್ಮತ್ತೆ ಥರ."

"ಕೂತ್ಕೊಮ್ಮ, ನೋಡೋಣ" ಎಂದಳು ದೊಡ್ಡಮ್ಮ.

ನಾಲ್ಕು ಕಾರ್ಡು ಬದಲಿಸಲು ಎರಡು ನಿಮಿಷ ಸಾಕಿತ್ತು. ಆದರೆ ಅತ್ತೆಯ ಕಥೆ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಅವತ್ತು ಕೋಣೆಗೆ ಹೋಗಿ ದೊಡ್ಡಮ್ಮ ಒಬ್ಬಳೇ ಎರಡು ಸಲ ನಕ್ಕಳಂತೆ. ಸರಿಯಾದ ಕಟ್ಟು ಕೊಂಡವರು ಒಬ್ಬರೂ ತಿರುಗಿ ಬಂದಿರಲಿಲ್ಲ. ತಪ್ಪಿದ್ದನ್ನು ಕೊಂಡವಳು ಬಂದು ಕೂತಿದ್ದಳು.

ಆಮೇಲಿನದು ಕೈತಪ್ಪಲ್ಲ. ಪ್ರತಿ ಕಟ್ಟಿನಿಂದಲೂ ನಾಲ್ಕು ಶಕ್ತಿ ಕಾರ್ಡು ತೆಗೆದು, ನೋಡಲು ಚಂದವಿರುವ ನಾಲ್ಕು ದೊಡ್ಡ ಪ್ರಾಣಿ ಹಾಕುತ್ತಿದ್ದಳು. ಕೊಂಡವರು ಸೋಲುತ್ತಿದ್ದರು, ಬರುತ್ತಿದ್ದರು, ಕೂರುತ್ತಿದ್ದರು. ಸರಿಮಾಡಿಸಿಕೊಂಡು ಹೋದ ಮೇಲೆ ಬೇರೆ ಮೇಜಿನವರಾಗುತ್ತಿದ್ದರು. ಆದರೂ ಅರ್ಧ ಗಂಟೆ ಎದುರಿನ ಕುರ್ಚಿ ತುಂಬಿರುತ್ತಿತ್ತು.

"ನಿನ್ನ ಕಟ್ಟು ತಗೊಂಡೋರು ಒಬ್ರೂ ಗೆಲ್ಲಲ್ಲ, ಆದ್ರೂ ನಿನ್ನ ಹತ್ರಾನೇ ಬರ್ತಾರಲ್ಲ. ಏನಕ್ಕಾ, ವಶೀಕರಣನಾ?" ಎಂದು ಮಾಮ ಕಾಲೆಳೆಯುತ್ತಿದ್ದ. ದೊಡ್ಡಮ್ಮ ಕೇಳಿಸದವಳಂತೆ ಕಾರ್ಡು ತಟ್ಟುತ್ತಿದ್ದಳು.

ಹೀಗಿರುವಾಗ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನೊಬ್ಬ ಬಂದ. ಮೂವತ್ತರ ಆಸುಪಾಸು, ಮಣಿಕಟ್ಟಿನ ಮೇಲೆ ಸುಟ್ಟ ಗೀರು. ಊರಿಗೆ ಹೊಸಬ.

"ನಾನು ಯಾವತ್ತೂ ಆಡಿಲ್ಲ. ಬರುತ್ತಾ ನಂಗೆ?"

"ನನಗೇ ಬಂತಲ್ಲಪ್ಪಾ, ನಿಂಗೆ ಬರ್ದೆ ಏನು?"

"ಭಾನುವಾರ ರೂಮಲ್ಲಿ ಒಬ್ನೇ ಇರ್ತೀನಿ. ಗೋಡೆ ನೋಡಿ ನೋಡಿ ಸಾಕಾಯ್ತು."

ದೊಡ್ಡಮ್ಮ ತಯಾರಿದ್ದ ಒಂದು ಕಟ್ಟು ಕೊಟ್ಟಳು. ಅದರಲ್ಲಿ ಶಕ್ತಿ ಕಾರ್ಡು ಹದಿಮೂರೇ ಇದ್ದವು. ಇವನು ಬೇಗ ಬರುತ್ತಾನೆ, ಬಂದರೆ ಬಹಳ ಹೊತ್ತು ಕೂರುತ್ತಾನೆ ಎಂದು ಅವಳಿಗೆ ಅನ್ನಿಸಿತಂತೆ.

ಅವನು ಬರಲಿಲ್ಲ. ಮೂರು ಭಾನುವಾರ ಅತ್ತ ಕಿಟಕಿಯ ಬಳಿ ಆಡುವುದು ಕಂಡಿತು. ಇವಳ ಮೇಜಿನ ಕಡೆ ಮಾತ್ರ ಸುಳಿಯಲಿಲ್ಲ. ನಾಲ್ಕನೆಯ ಭಾನುವಾರ ಆಟಕ್ಕೂ ಇಲ್ಲ, ಐದನೆಯದಕ್ಕೂ ಇಲ್ಲ. ಆರನೆಯ ವಾರ ರಟ್ಟಿನ ಪೆಟ್ಟಿಗೆ ಬಗ್ಗಿಸಿದಾಗ ಅವಳದೇ ಗಂಟಿನ ಒಂದು ಕಟ್ಟು ಹೊರಗೆ ಬಿತ್ತು. ಬಿಚ್ಚಿ, ಅದೇ ಥರ ಮತ್ತೆ ಕಟ್ಟಿದ್ದರು. ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನ ಅಕ್ಷರವಿತ್ತು: "ಕಾರ್ಡುಗಳು ಚೆನ್ನಾಗಿವೆ. ನನಗೇ ಬರಲಿಲ್ಲ. ಬೇರೆ ಯಾರಿಗಾದರೂ ಕೊಡಿ."

ಸರಿಮಾಡಿಸಿಕೊಳ್ಳಲು ಬಾರದವನು ಇಸ್ತ್ರಿಯವನೊಬ್ಬನೇ. ದೊಡ್ಡಮ್ಮ ಅದನ್ನು ನಾಲ್ಕೈದು ಸಲ ಓದಿದಳು. ಮೂವತ್ತೊಂದು ವರ್ಷದಲ್ಲಿ ಒಂದು ಕಾಗದವನ್ನೂ ಬೇಕೆಂದೇ ಬೇರೆ ಗೂಡಿಗೆ ಹಾಕಿದವಳಲ್ಲ. ಗಂಟು ಬಿಚ್ಚಿ ನಾಲ್ಕು ದೊಡ್ಡ ಪ್ರಾಣಿ ತೆಗೆದು, ನಾಲ್ಕು ಶಕ್ತಿ ಕಾರ್ಡು ಸೇರಿಸಿದಳು. ಮಾಮನಿಗೆ "ಈಗ್ಬಂದೆ" ಎಂದು ಹೇಳಿ ಹೊರಟಳು. ವಿಳಾಸ ಯಾರನ್ನೂ ಕೇಳಬೇಕಾಗಿರಲಿಲ್ಲ. ಊರಿನಲ್ಲಿರುವ ಮೂರು ಲಾಂಡ್ರಿಗಳೂ ಯಾವ ಯಾವ ಗೂಡಿನವು ಎಂದು ಅವಳಿಗೆ ಗೊತ್ತಿತ್ತು. ಎರಡನೆಯದರಲ್ಲಿ ಅವನು ಸಿಕ್ಕ.

ಒಳಗೆ ಹಬೆ, ಒದ್ದೆ ಬಟ್ಟೆಯ ವಾಸನೆ. ಅವಳನ್ನು ಕಂಡು ಅವನು ಗಾಬರಿಯಾದ.

"ನೀವ್ಯಾಕೆ ಬಂದ್ರಿ ದೊಡ್ಡಮ್ಮ? ಬಟ್ಟೆ ಇದ್ರೆ ನಾನೇ ಬಂದು ತರ್ತಿದ್ದೆ."

"ಬಟ್ಟೆ ಅಲ್ಲಪ್ಪ. ಆಡೋದು ಯಾಕೆ ಬಿಟ್ಟೆ?"

ಅವನು ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಒತ್ತಿದ. "ಮೂರು ವಾರದಲ್ಲಿ ಒಂದು ದೊಡ್ಡ ಪ್ರಾಣಿನೂ ಇಳಿಸೋಕ್ಕಾಗ್ಲಿಲ್ಲ. 'ಇವನ ಕೈಗೆ ಹೋದ್ರೆ ಹುಲಿಗೂ ನಿದ್ದೆ ಬರುತ್ತೆ' ಅಂತ ನಕ್ರು. ನಾನೂ ನಕ್ಕೆ. ಆಮೇಲೆ ಹೋಗೋಕೆ ಮನಸ್ಸಾಗ್ಲಿಲ್ಲ. ನನ್ನ ತಲೆಗೆ ಹತ್ತಲ್ಲ ಬಿಡಿ."

"ನಿನ್ನ ತಲೆ ಸರಿಯಾಗೇ ಇದೆ. ಕಟ್ಟೇ ಸರಿ ಇರ್ಲಿಲ್ಲ. ನಾಲ್ಕು ಶಕ್ತಿ ಕಾರ್ಡು ನಾನೇ ತೆಗೆದಿದ್ದೆ. ಬೇಕು ಅಂತಾನೇ."

ಇಸ್ತ್ರಿ ನಿಂತಿತು. "ಬೇಕು ಅಂತಾನಾ? ಯಾಕೆ?"

ದೊಡ್ಡಮ್ಮ ಕೈಯಲ್ಲಿದ್ದ ಕಟ್ಟನ್ನೇ ನೋಡುತ್ತಾ ಹೇಳಿದಳು: "ಸರಿ ಮಾಡಿಸ್ಕೊಳ್ಳೋಕೆ ವಾಪಸ್ ಬರ್ತಾರೆ ಅಂತ. ಬಂದ್ರೆ ಸ್ವಲ್ಪ ಹೊತ್ತು ಕೂರ್ತಾರೆ."

ಅವನು ತಟ್ಟನೆ ಇಸ್ತ್ರಿ ಎತ್ತಿ ಪಕ್ಕಕ್ಕಿಟ್ಟ. ಅಂಗಿ ಸುಡಲಿಲ್ಲ. ಅದನ್ನು ತಿರುಗಿಸಿ ಹಾಕಿ, ತಲೆ ಎತ್ತದೆ ಹೇಳಿದ: "ನಾನೂ ಎರಡು ಗುರುವಾರ ನಿಮ್ಮನ್ನ ಕೇಳೋಣ ಅಂತ ಬಾಗಿಲ ತನಕ ಬಂದಿದ್ದೆ. ಎರಡು ಸಲನೂ ನೀವು ಯಾರ ಹತ್ರಾನೋ ಮಾತಾಡ್ತಾ ಇದ್ರಿ. ಇವ್ರಿಗೆ ಎಷ್ಟೊಂದು ಜನ, ನಡುವೆ ನಾನ್ಯಾಕೆ ಅಂತ ಹಾಗೇ ಹೋದೆ."

ದೊಡ್ಡಮ್ಮ "ಇದು ಈಗ ಸರಿ ಇದೆ. ಹದಿನೇಳು. ಎಣಿಸ್ಕೊ" ಎಂದು ಕಟ್ಟು ಚಾಚಿದಳು.

"ಅಲ್ಲಿಟ್ಟು ಹೋಗಿ" ಎಂದ. ಕೋಪವೋ ಬೇಜಾರೋ ಅವಳಿಗೆ ತಿಳಿಯಲಿಲ್ಲ. ಮಡಿಸಿದ ಬಟ್ಟೆಗಳ ಮೇಲಿಟ್ಟು ಬಂದಳು.

ಭಾನುವಾರ ಅವನು ಬಂದ. ಕಿಟಕಿಯ ಬಳಿಯ ಮೇಜಿನಲ್ಲಿ ಮೂರು ಆಟ ಆಡಿದ. ಎರಡು ಸೋತ, ಒಂದು ಗೆದ್ದ. "ಏಯ್, ಹುಲಿ ಎದ್ದಿದೆ ಕಣ್ರೋ!" ಎಂದು ಅಲ್ಲಿ ಯಾರೋ ಕೂಗಿದರು. ಅವನ ನಗು ಕೊನೆಯ ಮೇಜಿನವರೆಗೂ ಕೇಳಿಸಿತು. ಎದುರಿನ ಕುರ್ಚಿಯನ್ನು ದೊಡ್ಡಮ್ಮ ತುಸು ಹೊರಗೆಳೆದಿಟ್ಟಿದ್ದಳು. ಹೋಗುವಾಗ ಅವನು ಬಾಗಿಲಲ್ಲಿ ನಿಂತು, ಕಟ್ಟನ್ನು ಎತ್ತಿ ತೋರಿಸಿ, ಹೊಸ ಸ್ನೇಹಿತರ ಜತೆ ಬೀದಿಗಿಳಿದ.

ದೊಡ್ಡಮ್ಮ ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದಳು. ಕಪಾಟಿನಲ್ಲಿ ಮಾರಾಟಕ್ಕಿದ್ದ ಒಂಬತ್ತು ಕಟ್ಟುಗಳನ್ನೂ ಇಳಿಸಿ, ಬಿಚ್ಚಿ, ಒಂದೊಂದಕ್ಕೂ ಹದಿನೇಳು ಎಣಿಸಿ ಹಾಕಿ ಮತ್ತೆ ಗಂಟು ಬಿಗಿದಳು. ಚೀಟಿಯನ್ನು ಮಾತ್ರ ಬದಲಿಸಲಿಲ್ಲ.

ಇದಾಗಿ ಎರಡು ತಿಂಗಳಾಯಿತು. ಒಂಬತ್ತೂ ಮಾರಾಟವಾದವು, ಆಮೇಲೆ ಇನ್ನೂ ಹನ್ನೊಂದು. ಕೊಂಡವರು ಗೆಲ್ಲುತ್ತಾರೆ, ಸೋಲುತ್ತಾರೆ, ಯಾರಿಗೂ ತೊಂದರೆಯಿಲ್ಲ. ಗುರುವಾರಗಳಲ್ಲಿ ದೊಡ್ಡಮ್ಮ ಒಬ್ಬಳೇ ಕಾರ್ಡು ವಿಂಗಡಿಸುತ್ತಾಳೆ. ನಮ್ಮ ಮನೆಯಲ್ಲಿ ಇದನ್ನು ಹೇಳಿ ಮುಗಿಸುವಾಗ "ಒಳ್ಳೇದೇ ಆಯ್ತಲ್ಲ" ಎಂದು ಮಡಿಸಿದ ಟವೆಲನ್ನು ಬಿಡಿಸಿ ಮತ್ತೆ ಮಡಿಸಿದಳು.

ನಾನು ಆ ಅಂಗಡಿಗೆ ಎಷ್ಟೋ ಸಲ ಹೋಗಿದ್ದೇನೆ. ಮಾತು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮುಂಭಾಗದಿಂದಲೇ ವಾಪಸಾಗಿದ್ದೇನೆ. ಈ ಗುರುವಾರ ಒಂದು ಕಟ್ಟು ಕೊಂಡು, ಹಿಂದಿನ ಮೇಜಿಗೆ ಹೋಗಿ, ಆ ಕುರ್ಚಿಯಲ್ಲಿ ಕೂತು ದೊಡ್ಡಮ್ಮನ ಜತೆ ಆಡುತ್ತೇನೆ.