ಉಳುಕಲ್ಲದ ನೋವು

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ನಾನು ಹಾಗೆ ಹುಟ್ಟಿದವನು. ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿ, ಶಿಕಾರಿಪುರದಲ್ಲಿ ಪಾಠ ಹೇಳುತ್ತ, ಇಂಥದ್ದನ್ನೆಲ್ಲ ಗೇಲಿ ಮಾಡಿಕೊಂಡೇ ಬಂದವನು. ಆದರೂ ಬೆನ್ನು ಉಳುಕಿದೆ ಎಂದು ಸೊರಬದಿಂದ ಅಕ್ಕ ಕರೆದಾಗ ಹೋದೆ.

“ನಿನ್ನ ಡಿಗ್ರಿ ಬಾಗ್ಲಲ್ಲೇ ಬಿಟ್ಟು ಬಾ ಮಾರಾಯ. ನಂಗೆ ಕಾಲೊಂದಿದ್ರೆ ಸಾಕು,” ಎಂದು ಚಾಪೆಯ ಮೇಲೆ ಬೋರಲು ಮಲಗಿದಳು. ನಗುತ್ತಲೇ ಅವಳ ಸೊಂಟಕ್ಕೆ ಮೂರು ಸಲ ಎಡಗಾಲು ಸೋಕಿಸಿದೆ. ಎಡಗಾಲೋ ಬಲಗಾಲೋ, ಈಗ ಖಚಿತವಿಲ್ಲ.

ನೋವು ಬಿಡಲಿಲ್ಲ. ಮರುವಾರ ಭಾವ, ನಾನು ಸೇರಿ ಅವಳನ್ನು ಅಲ್ಲಿಯ ಡಾಕ್ಟರ ಬಳಿ ಕರೆದೊಯ್ದೆವು.

“ಜ್ವರ ಏನಾದ್ರೂ ಬಂದಿತ್ತಾ?” ಎಂದು ಕೇಳಿದರು.

“ಇಲ್ಲ ಸಾರ್,” ಎಂದೆ ನಾನು.

ಏನೋ ಹೇಳಲು ಬಾಯಿ ತೆರೆದಿದ್ದ ಭಾವ ಸುಮ್ಮನಾದರು. ಓದಿದವನು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕದಿರುವುದು ನಮ್ಮ ಮನೆಯ ರೂಢಿ. ನೋವಿನ ಮಾತ್ರೆ ಸಿಕ್ಕಿತು. ಮೂರು ವಾರ ಕಳೆಯುವಷ್ಟರಲ್ಲಿ ಅಕ್ಕನ ಬಲಪಾದ ಸೋತಿತ್ತು. ಚಪ್ಪಲಿ ಕಳಚಿಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದೆವು. ಬೆನ್ನುಮೂಳೆಗಳ ನಡುವಿನ ಡಿಸ್ಕಿಗೆ ಸೋಂಕು ತಗುಲಿ ಕೀವು ತುಂಬಿತ್ತು. ಅಲ್ಲಿನ ವೈದ್ಯೆಯೂ ಜ್ವರದ ಪ್ರಶ್ನೆಯನ್ನೇ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಭಾವನ ಕಡೆ ಕೈ ತೋರಿಸಿದೆ.

“ಇತ್ತು ಮೇಡಂ. ಸಂಜೆ ಆದ್ರೆ ಬರೋದು. ತುಳಿದ ದಿನ ಇವನೇ ಹೇಳಿದ್ನಲ್ಲ, ಬೆನ್ನು ಕಾದ ಹೆಂಚು ಇದ್ದಂಗಿದೆ ಅಂತ.”

ಹಾಗೆ ಹೇಳಿದ ನೆನಪೇ ನನಗಿಲ್ಲ. ನಾವು ನಕ್ಕಿದ್ದಷ್ಟೇ ನೆನಪು. ತುಳಿದದ್ದರಿಂದ ಸೋಂಕು ಬರುವುದಿಲ್ಲ ಎಂದು ವೈದ್ಯೆ ಸಮಾಧಾನ ಹೇಳಿದರು. ನನಗೆ ಚುಚ್ಚುತ್ತಿದ್ದದ್ದು ನನ್ನ “ಇಲ್ಲ ಸಾರ್.” ಅಷ್ಟು ಧೈರ್ಯವಾಗಿ ಯಾವ ಆಧಾರದ ಮೇಲೆ ಹೇಳಿದೆನೋ!

ಬೆನ್ನು ಉದ್ದಕ್ಕೆ ಕೊಯ್ಯುವುದು ಬೇಡವೆಂದರು. ಅಕ್ಕನನ್ನು ಬೋರಲು ಮಲಗಿಸಿ, ಆ ಜಾಗವನ್ನಷ್ಟೇ ಮರಗಟ್ಟಿಸಿ, ಪರದೆಯಲ್ಲಿ ನೋಡಿಕೊಂಡು ಪೆನ್ಸಿಲ್ ದಪ್ಪದ ಕೊಳವೆಯೊಂದನ್ನು ಡಿಸ್ಕಿನವರೆಗೆ ಇಳಿಸಿ ಕೀವು ತೆಗೆದು ತೊಳೆದರು. ಯಾವ ರೋಗಾಣು ಎಂದು ತಿಳಿಯಲು ಸ್ವಲ್ಪ ಕೀವು ಲ್ಯಾಬಿಗೆ ಹೋಯಿತು. ಅದಕ್ಕೆ ತಕ್ಕ ಔಷಧಿ ವಾರಗಟ್ಟಲೆ ಕೊಡಬೇಕಿತ್ತು. ಪಾದಕ್ಕೆ ಬಲ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು.

“ಎರಡೇ ಹೊಲಿಗೆಯಂತೆ ಕಣೋ. ನನ್ನ ರವಿಕೆಗೂ ಇದಕ್ಕಿಂತ ಜಾಸ್ತಿ ಬೀಳುತ್ತೆ,” ಎಂದಳು ಅಕ್ಕ.

ಪ್ರತಿ ಬೆಳಿಗ್ಗೆ ವೈದ್ಯೆ ಬಂದು ಬಲಗಾಲಿನ ಹೆಬ್ಬೆರಳು ಮೇಲೆತ್ತಲು ಹೇಳುತ್ತಿದ್ದರು. ಅದು ಅಲುಗುತ್ತಿರಲಿಲ್ಲ. ಐದನೆಯ ದಿನವೋ ಆರನೆಯದೋ, ಅವರು ಬರುವ ಮೊದಲೇ ಅಕ್ಕ ತುಟಿ ಕಚ್ಚಿ ಪ್ರಯತ್ನಿಸಿದಳು. ಬೆರಳು ಎದ್ದಂತೆ ಕಂಡಿತು. ಕಣ್ಣನ್ನು ನಂಬದೆ ಭಾವನ ಕಡೆ ತಿರುಗಿದೆ.

“ಎತ್ತಿದ್ಲಾ?”

“ಎತ್ತಿದ್ಲು ಕಣೋ! ನಿಂಗೆ ಕಾಣ್ಲಿಲ್ವಾ?”

“ಕಾಣ್ತು. ಮೇಡಂಗೆ ನೀವೇ ಹೇಳಿ ಭಾವ.”